ಅಂಗಿಯ ಕೊನೆಯ ಗುಂಡಿಯಿಂದ ಆರಂಭ: ಮಕ್ಕಳ ಆಕ್ಯುಪೇಷನಲ್ ಥೆರಪಿ ಕುರಿತು ತಂದೆ-ತಾಯಂದಿರಿಗೆ

ಚಿತ್ರದುರ್ಗದ ಮಕ್ಕಳ ವೈದ್ಯರೊಬ್ಬರು ನನ್ನ ಮಗನ ಚೀಟಿಯ ಕೆಳಗೆ ‘ಓಟಿ’ ಎಂದು ಎರಡೇ ಅಕ್ಷರ ಬರೆದು ದಾವಣಗೆರೆಗೆ ಹೋಗಲು ಹೇಳಿದ ದಿನ ನಮ್ಮ ಅತ್ತೆ ಮಧ್ಯಾಹ್ನದ ಊಟ ಬಿಟ್ಟು ಕುಳಿತಿದ್ದರು. ಆಸ್ಪತ್ರೆಯ ಓಡಾಟ ಕಂಡವರಿಗೆ ಓಟಿ ಎಂದರೆ ಆಪರೇಷನ್ ಥಿಯೇಟರ್. ಒಂದೂವರೆ ವರ್ಷದ ಕೂಸಿಗೆ ಅದೇನು ಕೊಯ್ಯುತ್ತಾರೆ ಎಂಬುದು ಅವರ ದಿಗಿಲು. ಆ ಎರಡಕ್ಷರಕ್ಕೆ ಆಕ್ಯುಪೇಷನಲ್ ಥೆರಪಿ ಎಂಬ ಇನ್ನೊಂದು ಅರ್ಥವಿದೆಯೆಂದು ನನಗೂ ಅಂದೇ ತಿಳಿದದ್ದು. ಅದಾದ ಮೇಲೆ ಕೆಲವು ವರ್ಷ ವಾರಕ್ಕೊಮ್ಮೆ ಬಸ್ಸು ಹತ್ತಿ, ಮಗನ ಜೊತೆ ನಾನೂ ಕಲಿತದ್ದನ್ನು, ಈಗಷ್ಟೇ ಅಂಥದೊಂದು ಚೀಟಿ ಕೈಗೆ ಬಂದಿರುವ ತಂದೆ-ತಾಯಂದಿರಿಗಾಗಿ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕೂತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದರ ತಿಳಿವಳಿಕೆ.

ಇದು ಯಾವ ಚಿಕಿತ್ಸೆ

ಆಕ್ಯುಪೇಷನ್ ಎಂಬುದನ್ನು ಉದ್ಯೋಗ ಎಂದೇ ಹಿಡಿದು ಕೆಲವರು ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎಂದು ಬರೆಯುತ್ತಾರೆ. ಕೇಳಿದವರಿಗೆ ಮಗುವಿಗೆ ಯಾವ ನೌಕರಿ ಎಂಬ ಅನುಮಾನ ಹುಟ್ಟುವುದು ಸಹಜ. ಇಲ್ಲಿ ಆ ಪದಕ್ಕೆ ಒಬ್ಬ ಮನುಷ್ಯ ದಿನವಿಡೀ ಮಾಡುವ ಕೆಲಸಗಳೆಲ್ಲ ಎಂಬ ವಿಶಾಲವಾದ ಅರ್ಥವಿದೆ. ಮಗುವಿನ ಮಟ್ಟಿಗೆ ಅವು ಆಡುವುದು, ಉಣ್ಣುವುದು, ಅಂಗಿ ತೊಡುವುದು, ಹಲ್ಲುಜ್ಜುವುದು, ಶೌಚಕ್ಕೆ ಕೂರುವುದು, ಬಳಪ ಹಿಡಿಯುವುದು, ನಾಲ್ಕು ಮಕ್ಕಳ ನಡುವೆ ತನ್ನ ಸರದಿಗೆ ಕಾಯುವುದು. ಇವುಗಳಲ್ಲಿ ಯಾವುದು ಮಗುವಿಗೆ ಕಷ್ಟವಾಗಿದೆ, ಏಕೆ ಕಷ್ಟವಾಗಿದೆ ಎಂದು ಕಂಡುಹಿಡಿದು, ಮಗುವಿಗೆ ಕಲಿಸಿಯೋ, ಕೆಲಸ ಮಾಡುವ ಬಗೆಯನ್ನು ಬದಲಿಸಿಯೋ, ಬಳಸುವ ವಸ್ತುವನ್ನು ಮಾರ್ಪಡಿಸಿಯೋ ಅದನ್ನು ಸಾಧ್ಯವಾಗಿಸುವುದೇ ಈ ಥೆರಪಿಸ್ಟರ ಕೆಲಸ.

ಫಿಜಿಯೋಥೆರಪಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಎಲ್ಲರೂ ಕೇಳುತ್ತಾರೆ. ಸ್ಥೂಲವಾಗಿ ಹೇಳುವುದಾದರೆ ಕೂರುವುದು, ನಿಲ್ಲುವುದು, ನಡೆಯುವುದು, ಸ್ನಾಯುಗಳ ಬಲ ಮತ್ತು ಬಿಗಿತ ಇವು ಫಿಜಿಯೋಥೆರಪಿಸ್ಟರ ಕಡೆಗೆ ಬರುತ್ತವೆ. ಹಾಗೆ ಕೂತ ಮಗು ಕೈಯಿಂದ ಏನು ಮಾಡುತ್ತದೆ, ದಿನದ ಕೆಲಸಗಳಲ್ಲಿ ಎಷ್ಟು ಪಾಲ್ಗೊಳ್ಳುತ್ತದೆ ಎಂಬುದು ಆಕ್ಯುಪೇಷನಲ್ ಥೆರಪಿಸ್ಟರ ಕಡೆಗೆ. ಗೆರೆ ಅಷ್ಟು ನೇರವಾಗಿಲ್ಲ, ಅನೇಕ ಮಕ್ಕಳಿಗೆ ಎರಡೂ ಬೇಕಾಗುತ್ತವೆ, ಮಾತು ತಡವಾದರೆ ಸ್ಪೀಚ್ ಥೆರಪಿಯೂ ಸೇರುತ್ತದೆ. ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಆದ ಹಾನಿಯಿಂದ ಮೈಯ ಚಲನೆಗೆ ಬರುವ ತೊಂದರೆ), ಆಟಿಸಂ (ಇತರರೊಡನೆ ಬೆರೆಯುವುದು, ಸಂವಹನ ಕಷ್ಟವಾಗುವ ಬೆಳವಣಿಗೆಯ ತೊಂದರೆ), ಡೌನ್ ಸಿಂಡ್ರೋಮ್, ಬುದ್ಧಿಬೆಳವಣಿಗೆಯ ಕುಂಠಿತ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ) ಇರುವ ಮಕ್ಕಳು, ಅವಧಿಗೆ ಮುನ್ನ ಹುಟ್ಟಿದವರು, ಹೆರಿಗೆಯ ವೇಳೆ ತೋಳಿನ ನರಕ್ಕೆ ಪೆಟ್ಟಾದವರು, ಸುಟ್ಟಗಾಯದಿಂದ ಕೈ ಮುದುಡಿದವರು ಇಲ್ಲಿಗೆ ಬರುತ್ತಾರೆ. ಯಾವ ಕಾಯಿಲೆಯ ಹೆಸರೂ ಇಲ್ಲದೆ, ಬರೀ ಕೈಕೆಲಸದಲ್ಲಿ ಎಡವುವ, ಪದೇ ಪದೇ ಮುಗ್ಗರಿಸುವ ಮಕ್ಕಳೂ ಬರುತ್ತಾರೆ.

ಮೊದಲ ಹೆಜ್ಜೆ: ಕೈಯನ್ನು ಗಮನಿಸಿ

ನಮ್ಮಲ್ಲಿ ತಡವಾದದ್ದು ಇಲ್ಲಿಯೇ. ಮಗನಿಗೆ ಎಂಟು ತಿಂಗಳಾದಾಗ ಏನು ಕೊಟ್ಟರೂ ಎಡಗೈಯಿಂದಲೇ ಹಿಡಿಯುತ್ತಿದ್ದ. ಬಲಗೈ ಮುಷ್ಟಿಕಟ್ಟಿ ಮೈಗೆ ಅಂಟಿಕೊಂಡಿರುತ್ತಿತ್ತು. “ಎಡಚ ಆಗ್ತಾನೆ ಬಿಡು, ನಿಮ್ಮಜ್ಜನೂ ಎಡಚನೇ ಇದ್ದ” ಎಂದು ಮನೆಯಲ್ಲಿ ನಕ್ಕರು. ಆಗ ತೋರಿಸಿದ ಒಂದು ಕ್ಲಿನಿಕ್ಕಿನಲ್ಲಿಯೂ ಎರಡು ವರ್ಷ ಕಾದು ನೋಡಿ ಎಂದರು. ವಾಸ್ತವದಲ್ಲಿ ಮಕ್ಕಳು ಒಂದು ಕೈಯನ್ನು ತಮ್ಮದಾಗಿ ಖಚಿತವಾಗಿ ಆರಿಸಿಕೊಳ್ಳುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದೊಳಗೆ. ಒಂದು ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮರೆತಂತಿದ್ದರೆ, ಮರೆತ ಕೈಯಲ್ಲಿ ತೊಂದರೆ ಇರಬಹುದು ಎಂದು ತಿಳಿದು ಕೂಡಲೇ ತೋರಿಸಬೇಕು. ಕಾದು ನೋಡೋಣ ಎಂಬ ಮಾತು ಜ್ವರಕ್ಕೆ ಸರಿಹೋದೀತು, ಇದಕ್ಕೆ ಸರಿಹೋಗದು. ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಎರಡು-ಮೂರು ವರ್ಷಗಳಲ್ಲಿ. ಕಾಯುವವರು ಕಳೆದುಕೊಳ್ಳುವುದು ಆ ವರ್ಷಗಳನ್ನೇ.

ಇನ್ನು ಕೆಲವು ಗುರುತುಗಳಿವೆ. ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದಿರುವುದು, ವರ್ಷ ತುಂಬಿದ ಮೇಲೂ ಮಂಡಕ್ಕಿಯ ಒಂದು ಕಾಳನ್ನು ಹೆಬ್ಬೆರಳು-ತೋರುಬೆರಳಿನ ನಡುವೆ ಹಿಡಿಯಲು ಯತ್ನಿಸದಿರುವುದು, 18 ತಿಂಗಳಾದರೂ ನಡೆಯದಿರುವುದು, ಹೆಸರು ಕರೆದರೆ ತಿರುಗದಿರುವುದು, ಎರಡು ವರ್ಷವಾದರೂ ಮೆತ್ತಗಿನದನ್ನು ಬಿಟ್ಟು ಬೇರೆ ಯಾವುದನ್ನೂ ಅಗಿಯದಿರುವುದು, ನಾಲ್ಕಾದರೂ ಒಂದು ವೃತ್ತವನ್ನು ನೋಡಿ ಬರೆಯಲಾಗದಿರುವುದು, ಐದರ ಹೊತ್ತಿಗೂ ಅಂಗಿ-ಚಡ್ಡಿ ತೊಡಲು ಪೂರ್ತಿ ಇನ್ನೊಬ್ಬರನ್ನೇ ಅವಲಂಬಿಸಿರುವುದು. ಇವುಗಳಲ್ಲಿ ಯಾವುದೋ ಒಂದಿದೆ ಎಂದ ಮಾತ್ರಕ್ಕೆ ಕಾಯಿಲೆ ಎಂದಲ್ಲ, ಪರೀಕ್ಷೆ ಮಾಡಿಸಬೇಕು ಎಂದಷ್ಟೇ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ ಎರಡು ತಿಂಗಳ ರಿಯಾಯಿತಿ. ಆದರೆ ಬರುತ್ತಿದ್ದ ಮಾತು, ಆಡುತ್ತಿದ್ದ ಆಟ, ಹಿಡಿಯುತ್ತಿದ್ದ ಕೈ ಹಿಂದಕ್ಕೆ ಹೋದರೆ ಅಥವಾ ಫಿಟ್ಸ್ ಬಂದರೆ ಥೆರಪಿಯ ಮಾತನ್ನು ಪಕ್ಕಕ್ಕಿಟ್ಟು ಅದೇ ದಿನ ವೈದ್ಯರ ಬಳಿ ಹೋಗಬೇಕು.

ಎಲ್ಲಿ ತೋರಿಸುವುದು

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಆರೋಗ್ಯ ಇಲಾಖೆಯ ತಂಡವೊಂದು ವಾಹನದಲ್ಲಿ ಬಂದು ಮಕ್ಕಳನ್ನು ತಪಾಸಣೆ ಮಾಡಿ ಹೋಗುವುದನ್ನು ನೀವು ನೋಡಿರಬಹುದು. ಅದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಬಾಯಿಮಾತಿನಲ್ಲಿ ಆರ್‌ಬಿಎಸ್‌ಕೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಈ ನಾಲ್ಕನ್ನೂ ಹುಡುಕುವುದು ಅದರ ಉದ್ದೇಶ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ಅವರು ಬಂದ ದಿನ ನಿಮ್ಮ ಅನುಮಾನವನ್ನು ಅಂಗನವಾಡಿ ಕಾರ್ಯಕರ್ತೆಯ ಮೂಲಕ ಹೇಳಿಸಿ. ತೂಕ ನೋಡಿ ಮುಂದಕ್ಕೆ ಕಳಿಸುವ ಸಾಲಿನಲ್ಲಿ ಮಗುವಿನ ಕೈಯನ್ನು ಯಾರೂ ತಾವಾಗಿ ಬಿಡಿಸಿ ನೋಡುವುದಿಲ್ಲ. ತಪಾಸಣೆಯಲ್ಲಿ ತೊಂದರೆ ಕಂಡ ಮಕ್ಕಳನ್ನು ಕಳಿಸಲೆಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ (ಡಿಸ್ಟ್ರಿಕ್ಟ್ ಅರ್ಲಿ ಇಂಟರ್ವೆನ್ಷನ್ ಸೆಂಟರ್) ಎಂಬ ವಿಭಾಗದ ವ್ಯವಸ್ಥೆ ಇದೆ. ದಾವಣಗೆರೆಯವರು ಚಿಗಟೇರಿ ಆಸ್ಪತ್ರೆಯಲ್ಲಿ, ದುರ್ಗದವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಆ ವಿಭಾಗವನ್ನೇ ಹೆಸರಿಸಿ, ಸದ್ಯ ಯಾವ ಯಾವ ಥೆರಪಿಸ್ಟರು ಯಾವ ವಾರ ಇರುತ್ತಾರೆ ಎಂದು ಕೇಳಬೇಕು.

ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರವಿದೆ. ಎಲ್ಲರೂ ಅದನ್ನು ಸಿಆರ್‌ಸಿ ಎನ್ನುತ್ತಾರೆ. ಹಳ್ಳಿಯ ಮೇಷ್ಟ್ರ ಬಳಿ ಸಿಆರ್‌ಸಿಗೆ ಹೋಗುತ್ತೇನೆ ಎಂದರೆ ಅವರು ಶಿಕ್ಷಣ ಇಲಾಖೆಯ ಕ್ಲಸ್ಟರ್ ಕೇಂದ್ರ ಎಂದುಕೊಳ್ಳುತ್ತಾರೆ, ಆದ್ದರಿಂದ ಪೂರ್ತಿ ಹೆಸರು ಹೇಳುವುದು ಒಳ್ಳೆಯದು. ನರವ್ಯೂಹದ ತೊಡಕು ಸ್ಪಷ್ಟವಾಗದಿದ್ದಾಗ ವೈದ್ಯರು ಬೆಂಗಳೂರಿನ ನಿಮ್ಹಾನ್ಸ್‌ಗೆ, ಮಾತು-ಶ್ರವಣದ ತೊಂದರೆ ಮುಖ್ಯವಾಗಿದ್ದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸುವುದುಂಟು. ಅಲ್ಲಿಗೆ ಹೋಗಿ ರೋಗನಿರ್ಣಯ ಮತ್ತು ಯೋಜನೆ ಪಡೆದು ಬರುವುದು ಸರಿ. ಆದರೆ ವಾರವಾರದ ಥೆರಪಿಗೆ ಮನೆಗೆ ಹತ್ತಿರ ಇರುವುದನ್ನೇ ಆರಿಸಿ. ಮೊಳಕಾಲ್ಮುರಿನಿಂದಲೋ ಜಗಳೂರಿನಿಂದಲೋ ಮುಂಜಾನೆ ಎದ್ದು ಬಸ್ಸಿನಲ್ಲಿ ಅರ್ಧ ದಿನ ಕಳೆದ ಮಗು ಥೆರಪಿ ಕೋಣೆಗೆ ಬರುವಾಗ ನಿದ್ದೆಗಣ್ಣಿನಲ್ಲಿದ್ದರೆ, ಎಂಥ ಥೆರಪಿಸ್ಟರೂ ಏನೂ ಮಾಡಲಾರರು.

ಹೋಗುವ ಮುನ್ನ

ಹೆರಿಗೆಯ ಡಿಸ್ಚಾರ್ಜ್ ಚೀಟಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇಟ್ಟಿದ್ದರೆ ಅದರ ದಾಖಲೆ, ತಾಯಿ ಕಾರ್ಡು, ಕಿವಿ ಮತ್ತು ಕಣ್ಣಿನ ಪರೀಕ್ಷೆಯ ವರದಿ ಇವನ್ನು ಒಂದು ಫೈಲಿನಲ್ಲಿ ಹಾಕಿಡಿ. ಕಿವಿ-ಕಣ್ಣು ಪರೀಕ್ಷಿಸದಿದ್ದರೆ ಮೊದಲು ಅದನ್ನು ಮಾಡಿಸಿ. ಕೇಳಿಸದ ಮಗುವನ್ನು ಹಟಮಾರಿ ಎಂದೂ, ಕಾಣದ ಮಗುವನ್ನು ಮೊದ್ದು ಎಂದೂ ತಿಳಿದ ಉದಾಹರಣೆಗಳು ಬೇಕಾದಷ್ಟಿವೆ.

ಕಾಗದಕ್ಕಿಂತ ಉಪಯುಕ್ತವಾದದ್ದು ಮೊಬೈಲಿನಲ್ಲಿ ತೆಗೆದ ಎರಡು-ಮೂರು ನಿಮಿಷದ ವಿಡಿಯೊಗಳು. ಮಗು ಮನೆಯಲ್ಲಿ ಉಣ್ಣುವುದು, ಅಂಗಿ ಬಿಚ್ಚುವುದು, ಒಬ್ಬನೇ ಆಡುವುದು, ರಚ್ಚೆ ಹಿಡಿಯುವುದು. ಹೊಸ ಕೋಣೆಯಲ್ಲಿ ಮಗು ಬೆದರಿ ಸೆರಗು ಹಿಡಿದು ನಿಂತುಬಿಟ್ಟರೆ ಥೆರಪಿಸ್ಟರಿಗೆ ಅದರ ನಿಜಸ್ಥಿತಿ ಕಾಣುವುದು ಈ ವಿಡಿಯೊಗಳಲ್ಲಿಯೇ. ಜೊತೆಗೆ ಒಂದು ನೋಟುಬುಕ್ಕಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಗುವಿನ ಒಂದು ದಿನವನ್ನು ಬರೆಯಿರಿ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ಯಾರು ಎಷ್ಟು ನೆರವಾದರು ಎಂದು. ನಾನು ಹೀಗೆ ಬರೆದಾಗಲೇ ಗೊತ್ತಾದದ್ದು, ಅವನಿಗೆ ಬರುವ ಕೆಲಸಗಳನ್ನೂ ಸಮಯ ಉಳಿಸಲು ನಾವೇ ಮಾಡಿಬಿಡುತ್ತಿದ್ದೆವು ಎಂಬುದು.

ಮೊದಲ ಭೇಟಿಯಲ್ಲಿ ಚಿಕಿತ್ಸೆ ನಡೆಯುವುದು ಕಡಿಮೆ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಮಗುವಿನ ಜೊತೆ ಆಡುತ್ತಾ, ನಿಮ್ಮನ್ನು ಪ್ರಶ್ನಿಸುತ್ತಾ, ಕೆಲವು ನಿಗದಿತ ಪರೀಕ್ಷೆಗಳನ್ನು ಮಾಡುತ್ತಾ ಅವರು ಮಗುವನ್ನು ಅಳೆಯುತ್ತಾರೆ. ಬರೀ ಆಟ ಆಡಿಸಿ ಕಳಿಸಿದರು ಎಂದು ಬೇಸರಪಡಬೇಡಿ. ಬ್ಲಾಕಿನ ಮೇಲೆ ಬ್ಲಾಕು ಇಡುವಾಗ ಮಣಿಕಟ್ಟು ಹೇಗೆ ಬಾಗುತ್ತದೆ, ಕಣ್ಣು ಕೈಯನ್ನು ಹಿಂಬಾಲಿಸುತ್ತದೆಯೇ, ಕೈ ಚಾಚಿದಾಗ ಮೈ ವಾಲುತ್ತದೆಯೇ ಎಂಬುದೆಲ್ಲ ಆ ಆಟದಲ್ಲಿ ಅವರಿಗೆ ಸಿಗುತ್ತದೆ.

ಗುರಿಯನ್ನು ನೀವು ಹೇಳಬೇಕು

ಭೇಟಿಯ ಕೊನೆಗೆ ಏನಾಗಬೇಕು ಎಂದು ಕೇಳಿದಾಗ ನಾನು “ನಾರ್ಮಲ್ ಆಗ್ಬೇಕು ಮೇಡಂ” ಎಂದಿದ್ದೆ. ಆ ಮೇಡಂ ಪೆನ್ನು ಕೆಳಗಿಟ್ಟು, “ಅದನ್ನ ನಾನು ಹೆಂಗೆ ಅಳೀಲಿ? ನಾಳೆ ಬೆಳಿಗ್ಗೆ ಏನು ಸುಲಭ ಆದ್ರೆ ನಿಮಗೆ ಸಮಾಧಾನ, ಅದನ್ನ ಹೇಳಿ” ಎಂದರು. ಈ ಪ್ರಶ್ನೆಗೆ ಉತ್ತರವನ್ನು ಮನೆಯಲ್ಲಿಯೇ ಯೋಚಿಸಿಕೊಂಡು ಹೋಗುವುದು ಒಳ್ಳೆಯದು. ‘ಕೈಗೆ ಬಲ ಬರಬೇಕು’ ಎಂಬುದು ಗುರಿಯಲ್ಲ. ‘ಮೂರು ತಿಂಗಳಲ್ಲಿ ಬಲಗೈಯಲ್ಲಿ ತಟ್ಟೆ ಒತ್ತಿಹಿಡಿದು ಎಡಗೈಯಲ್ಲಿ ತಾನೇ ಉಣ್ಣಬೇಕು’ ಎಂಬುದು ಗುರಿ. ಆಯಿತೋ ಇಲ್ಲವೋ ಎಂದು ಅಜ್ಜಿಯೂ ಹೇಳಬಲ್ಲಳು. ಒಂದು ಸಲಕ್ಕೆ ಎರಡು, ಹೆಚ್ಚೆಂದರೆ ಮೂರು ಗುರಿ ಸಾಕು. ಮಗುವಿಗೆ ಮಾತು ಬರುತ್ತಿದ್ದರೆ ಅದನ್ನೂ ಕೇಳಿ. ನನ್ನ ಮಗನಿಗೆ ಬೇಕಾಗಿದ್ದದ್ದು ಅಕ್ಷರವಲ್ಲ, ಓಣಿಯ ಹುಡುಗರ ಜೊತೆ ಗೋಲಿ ಆಡುವುದು.

ಮನೆಯ ಅಭ್ಯಾಸ

ವಾರಕ್ಕೆ ಒಂದು ಗಂಟೆಯ ಥೆರಪಿಯಿಂದ ಮಗುವಿನ ಕೈ ತಿರುಗುವುದಿಲ್ಲ. ಆ ಗಂಟೆಯಲ್ಲಿ ತಾಯಿಯೋ ತಂದೆಯೋ ಅಜ್ಜಿಯೋ ಏನು ಕಲಿತು ಬಂದರು, ಉಳಿದ ಆರು ದಿನ ಅದನ್ನು ಯಾವ ಹೊತ್ತಿನಲ್ಲಿ ಸೇರಿಸಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದಕ್ಕಾಗಿ ಪ್ರತ್ಯೇಕ ‘ವ್ಯಾಯಾಮದ ಹೊತ್ತು’ ಮಾಡಿಕೊಂಡವರು ಹದಿನೈದು ದಿನಕ್ಕೆ ಕೈಬಿಡುತ್ತಾರೆ. ಹೇಗಿದ್ದರೂ ನಡೆಯಲೇಬೇಕಾದ ಸ್ನಾನ, ಊಟ, ಬಟ್ಟೆಯ ಹೊತ್ತಿಗೆ ಅದನ್ನು ಕಟ್ಟಿದವರಲ್ಲಿ ಅದು ಉಳಿಯುತ್ತದೆ.

ನಮಗೆ ಮೊದಲು ಕಲಿಸಿದ್ದು ಅಂಗಿಯ ಗುಂಡಿ. ಗುಂಡಿ ಹಾಕುವುದನ್ನು ಮೊದಲಿನಿಂದ ಕಲಿಸಿದರೆ ಮಗು ಕಾಜಕ್ಕೆ ಗುಂಡಿ ಸಿಗದೆ ಸೋತು, ಕೊನೆಗೆ ಅಮ್ಮನೇ ಹಾಕಿ ಮುಗಿಸುತ್ತಾಳೆ, ಗೆದ್ದ ಸುಖ ಅಮ್ಮನದಾಗುತ್ತದೆ. ಆದ್ದರಿಂದ ಕೊನೆಯಿಂದ ಆರಂಭಿಸಬೇಕು. ಮೊದಲ ವಾರ ಗುಂಡಿಯನ್ನು ನಾನೇ ಕಾಜದೊಳಗೆ ಮುಕ್ಕಾಲು ತೂರಿಸಿ, ಹೊರಗೆ ಇಣುಕುತ್ತಿದ್ದ ಅಂಚನ್ನು ಎಳೆಯುವುದಷ್ಟನ್ನೇ ಅವನಿಗೆ ಬಿಡುತ್ತಿದ್ದೆ. ಅದು ಸಲೀಸಾದ ಮೇಲೆ ಅರ್ಧ ತೂರಿಸಿ ಬಿಟ್ಟೆ, ಆಮೇಲೆ ಅಂಚನ್ನು ಮಾತ್ರ ಕಾಜಕ್ಕೆ ತಾಗಿಸಿದೆ. ಶಾಲೆಯ ಅಂಗಿಯ ಸಣ್ಣ ಗುಂಡಿಗೆ ಬರುವ ಮುನ್ನ ಅವರಪ್ಪನ ಹಳೆಯ ಸ್ವೆಟರಿನ ದೊಡ್ಡ ಗುಂಡಿಯಲ್ಲಿ, ಮೈಮೇಲೆ ಹಾಕಿಕೊಳ್ಳದೆ ತೊಡೆಯ ಮೇಲಿಟ್ಟು ಅಭ್ಯಾಸ ಮಾಡಿಸಿದೆ. ಕೆಳಗಿನ ಗುಂಡಿ ಕಣ್ಣಿಗೆ ಕಾಣುತ್ತದೆ, ಕೊರಳ ಗುಂಡಿ ಕಾಣುವುದಿಲ್ಲ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಐದು ಗುಂಡಿಗೆ ನಮಗೆ ಏಳು ತಿಂಗಳು ಹಿಡಿಯಿತು. ಒಂದು ಪಕ್ಕ ದುರ್ಬಲವಾಗಿರುವ ಮಗುವಿಗೆ ಬಟ್ಟೆ ತೊಡಿಸುವಾಗ ದುರ್ಬಲ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು ಎಂಬ ಸಣ್ಣ ನಿಯಮವನ್ನು ಯಾರಾದರೂ ನನಗೆ ಒಂದು ವರ್ಷ ಮೊದಲೇ ಹೇಳಿದ್ದರೆ ಎಷ್ಟೋ ಬೆಳಗಿನ ಅಳು ತಪ್ಪುತ್ತಿತ್ತು.

ಬೆರಳಿನ ಕೆಲಸಕ್ಕೆ ಸಾವಿರಾರು ರೂಪಾಯಿಯ ಆಟಿಕೆ ಬೇಕಿಲ್ಲ. ಚಳ್ಳಕೆರೆಯ ಕಡೆಯವರ ಮನೆಯಲ್ಲಿ ಶೇಂಗಾ ಇರುತ್ತದೆ, ದಾವಣಗೆರೆಯ ಸುತ್ತ ಮೆಕ್ಕೆಜೋಳ ಇರುತ್ತದೆ. ಒಣಗಿದ ತೆನೆಯಿಂದ ಹೆಬ್ಬೆರಳೊತ್ತಿ ಕಾಳು ಬಿಡಿಸುವುದು, ಶೇಂಗಾಕಾಯಿಯನ್ನು ಚಟ್ಟೆಂದು ಒಡೆದು ಸುಲಿಯುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು, ರೊಟ್ಟಿಯ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು ಎಲ್ಲವೂ ಎರಡೂ ಕೈ ಕೂಡಿ ಮಾಡಬೇಕಾದ ಕೆಲಸಗಳು. ಒಂದೇ ಎಚ್ಚರ: ಐದು ವರ್ಷದೊಳಗಿನ ಮಗು ಇಡೀ ಶೇಂಗಾಬೀಜವನ್ನು ಬಾಯಿಗೆ ಹಾಕಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ, ಆದ್ದರಿಂದ ಎದುರಿಗೆ ಕೂತೇ ಮಾಡಿಸಿ. ಬರೆಯಲು ಉದ್ದ ಪೆನ್ಸಿಲಿಗಿಂತ ಬೆರಳತುದಿಯಷ್ಟಿರುವ ಬಳಪದ ಚೂರು ಮೇಲು. ಅದನ್ನು ಮುಷ್ಟಿಯಲ್ಲಿ ಹಿಡಿಯಲಾಗದು, ಬೆರಳಿನಲ್ಲೇ ಹಿಡಿಯಬೇಕು. ಸ್ಲೇಟನ್ನು ನೆಲದ ಮೇಲಿಡುವ ಬದಲು ಗೋಡೆಗೆ ಒರಗಿಸಿದರೆ ಮಣಿಕಟ್ಟು ತಾನಾಗಿ ಮೇಲಕ್ಕೆ ಬಾಗಿ ಬೆರಳುಗಳಿಗೆ ಸರಿಯಾದ ಹಿಡಿತ ಸಿಗುತ್ತದೆ.

ಊಟದ ವಿಷಯದಲ್ಲಿ ಸುರಕ್ಷತೆ ಮೊದಲು. ಕುತ್ತಿಗೆ ನಿಲ್ಲದ, ಮೈ ಬಿಗಿಯುವ ಮಗುವನ್ನು ಕಾಲಮೇಲೆ ಮಲಗಿಸಿ ಒಳಲೆಯಿಂದ ಹಾಲು, ಗಂಜಿ ಹುಯ್ಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಿಂದ ಆಹಾರ ಶ್ವಾಸಕೋಶಕ್ಕೆ ಇಳಿದು ಪದೇ ಪದೇ ಕಫ, ನ್ಯುಮೋನಿಯ ಬರಬಹುದು. ಬೆನ್ನು ನೆಟ್ಟಗೆ, ತಲೆ ಸ್ವಲ್ಪ ಮುಂದಕ್ಕೆ ಇರುವಂತೆ ಕೂರಿಸಿಯೇ ಉಣಿಸಬೇಕು. ಕೂರಿಸುವ ಬಗೆಯನ್ನು ಥೆರಪಿಸ್ಟರಿಂದ ಕೈಮುಟ್ಟಿ ಕಲಿಯಿರಿ, ಉಣ್ಣುವಾಗ ಪ್ರತಿಸಲ ಕೆಮ್ಮು ಬಂದರೆ ವೈದ್ಯರಿಗೆ ಹೇಳಿ.

ನಮ್ಮ ಮಗ ಎಡಗೈಯಲ್ಲಿ ಉಣ್ಣುತ್ತಾನೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಹಿರಿಯರು ಅವನ ಕೈ ಹಿಡಿದು ಬಿಡಿಸಿ, ಬಲಗೈಗೆ ತುತ್ತು ಕೊಟ್ಟರು. ತುತ್ತು ಎಲೆಯಾಚೆ ಬಿತ್ತು, ಅವನು ಆಮೇಲೆ ಉಣ್ಣಲಿಲ್ಲ. ಇಂಥ ಸಂದರ್ಭಕ್ಕೆ ಮೊದಲೇ ಒಂದು ವಾಕ್ಯ ಸಿದ್ಧವಿರಲಿ. “ಅಜ್ಜಾರೆ, ಅವನ ಬಲಗೈಗೆ ಶಕ್ತಿ ಕಮ್ಮಿ, ಡಾಕ್ಟ್ರೇ ಹೇಳ್ಯಾರೆ” ಎಂದರೆ ಮರುಮಾತಾಡುವವರು ವಿರಳ. ದುರ್ಬಲ ಕೈಯನ್ನು ಬಳಸುವಂತೆ ಮಾಡಲು ಬಲವಾದ ಕೈಗೆ ಕೆಲವು ಗಂಟೆ ಕೈಗವಸು ತೊಡಿಸುವ ವಿಧಾನವೊಂದಿದೆ, ಅದರಿಂದ ಪ್ರಯೋಜನವಿದೆಯೆಂದು ಅಧ್ಯಯನಗಳೂ ತೋರಿಸಿವೆ. ಆದರೆ ಅದನ್ನು ಥೆರಪಿಸ್ಟರು ಅವಧಿ ಗೊತ್ತುಮಾಡಿ ಆಟದ ಜೊತೆ ಮಾಡಿಸಬೇಕು. ಮನೆಯಲ್ಲಿ ದಾರದಿಂದ ಕೈ ಕಟ್ಟಿಹಾಕುವುದು ಚಿಕಿತ್ಸೆಯಲ್ಲ.

ಶಬ್ದ, ಸ್ಪರ್ಶ, ಉಯ್ಯಾಲೆ

ಕೆಲವು ಮಕ್ಕಳಿಗೆ ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಹೊಸ ಅಂಗಿಯ ಕೊರಳಪಟ್ಟಿ, ಮುದ್ದೆಯ ಅಂಟು ಇವು ಸಹಿಸಲಾಗದಷ್ಟು ತೀವ್ರವಾಗಿ ತಾಗುತ್ತವೆ. ಇನ್ನು ಕೆಲವರಿಗೆ ಎಷ್ಟು ಕುಣಿದರೂ ಸಾಲದು. ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ ಅವರು 1960-70ರ ದಶಕದಲ್ಲಿ ಇದನ್ನು ವಿವರಿಸಲು ‘ಸೆನ್ಸರಿ ಇಂಟಿಗ್ರೇಷನ್’ ಎಂಬ ಸಿದ್ಧಾಂತವನ್ನು ರೂಪಿಸಿದರು. ಇಂದಿನ ಥೆರಪಿ ಕೋಣೆಗಳಲ್ಲಿ ಕಾಣುವ ಉಯ್ಯಾಲೆ, ದೊಡ್ಡ ಚೆಂಡು, ಬಣ್ಣದ ಚೆಂಡುಗಳ ತೊಟ್ಟಿಗಳು ಬಹುಪಾಲು ಆ ಪರಂಪರೆಯವು. ನನ್ನ ಅಭಿಪ್ರಾಯದಲ್ಲಿ ತಂದೆ-ತಾಯಂದಿರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿ. ತನಗೆ ಬೇಕಾದ ಕೆಲಸವನ್ನೇ ಮಗು ಮತ್ತೆ ಮತ್ತೆ ಮಾಡಿ ಕಲಿಯುವ ವಿಧಾನಕ್ಕೆ ಇರುವಷ್ಟು ಗಟ್ಟಿಯಾದ ಆಧಾರ, ಮೈಗೆ ಬ್ರಷ್ ಉಜ್ಜುವುದು, ಭಾರದ ಜಾಕೆಟ್ ತೊಡಿಸುವುದು ಮುಂತಾದವುಗಳಿಗೆ ಸಿಕ್ಕಿಲ್ಲ. ಉಯ್ಯಾಲೆ ತೂಗಿದ್ದರಿಂದಲೇ ಬರವಣಿಗೆ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಉಯ್ಯಾಲೆಯಿಂದ ಬರವಣಿಗೆಯವರೆಗಿನ ದಾರಿಯನ್ನು ವಿವರಿಸಲು ಕೇಳಿ.

ಮಗುವಿನ ಸಂಕಟ ಮಾತ್ರ ನಿಜ, ಹಟವಲ್ಲ. ಸಿದ್ಧಾಂತ ಏನೇ ಇರಲಿ, ಪರಿಸರವನ್ನು ಸ್ವಲ್ಪ ಬದಲಿಸುವುದರಿಂದ ತಕ್ಷಣದ ಉಪಶಮನ ಸಿಗುತ್ತದೆ. ಮಿಕ್ಸಿ ಹಾಕುವ ಮುನ್ನ ಹೇಳುವುದು, ಅಂಗಿಯ ಒಳಗಿನ ಚೀಟಿ ಕತ್ತರಿಸುವುದು, ಮುದ್ದೆಯನ್ನು ಮೊದಲು ಮುಟ್ಟಲು, ಆಮೇಲೆ ಮುರಿಯಲು, ಬಹಳ ದಿನದ ಮೇಲೆ ನುಂಗಲು ಬಿಡುವುದು. ನಾಯಕನಹಟ್ಟಿಯ ತೇರಿಗೆ ಹೋಗಲೇಬೇಕಿದ್ದರೆ ತೇರು ಎಳೆಯುವ ನೂಕುನುಗ್ಗಲಿಗೆ ಬದಲಾಗಿ ಮುಂಜಾನೆ ದರ್ಶನ ಮುಗಿಸಿ, ಕಿವಿಗೆ ಮಫ್ಲರ್ ಸುತ್ತಿ, ಹೊರಬರುವ ದಾರಿಯನ್ನು ನೋಡಿಟ್ಟುಕೊಂಡು ಹೋಗಿಬರಬಹುದು.

ಥೆರಪಿಸ್ಟರನ್ನು ಅರಿಯುವುದು

ಈ ವೃತ್ತಿಯ ಪದವಿ ಬಿಓಟಿ, ಅದರ ಮೇಲಿನದು ಎಂಓಟಿ. ಈ ಕ್ಷೇತ್ರವನ್ನು ನಿಯಂತ್ರಿಸಲು 2021ರಲ್ಲಿ ಕೇಂದ್ರದ ಕಾನೂನೂ ಬಂದಿದೆ. ನಾಲ್ಕು ದಿನದ ತರಬೇತಿ ಪಡೆದು ಥೆರಪಿಸ್ಟ್ ಎಂದು ಫಲಕ ಹಾಕಿಕೊಂಡವರೂ ಇರುವುದರಿಂದ ಪದವಿಯನ್ನು ಕೇಳುವುದಕ್ಕೆ ಸಂಕೋಚ ಬೇಡ. ಅದಕ್ಕಿಂತ ಮುಖ್ಯವಾದ ಪರೀಕ್ಷೆ ಬಾಗಿಲು. ಮಗುವನ್ನು ಒಳಗೆ ಕರೆದುಕೊಂಡು ತಾಯಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಮುಕ್ಕಾಲು ಗಂಟೆಯ ಮೇಲೆ “ಚೆನ್ನಾಗಿ ಮಾಡಿದ” ಎಂದಷ್ಟೇ ಹೇಳಿ ಕಳಿಸುವ ಜಾಗದಲ್ಲಿ ನಾವು ಐದು ತಿಂಗಳು ಕಳೆದೆವು. ಹಣವೂ ಹೋಯಿತು, ಮನೆಯಲ್ಲಿ ಏನು ಮಾಡಬೇಕೆಂಬುದೂ ತಿಳಿಯಲಿಲ್ಲ. ಕೆಲವು ಮಕ್ಕಳು ತಾಯಿ ಎದುರಿಗಿದ್ದರೆ ಕೆಲಸ ಮಾಡುವುದಿಲ್ಲ ಎಂಬುದು ನಿಜವೇ. ಹಾಗಿದ್ದರೆ ಕೊನೆಯ ಹತ್ತು ನಿಮಿಷ ನಿಮ್ಮನ್ನು ಒಳಗೆ ಕರೆದು ತೋರಿಸಿ, ನಿಮ್ಮ ಕೈಯಿಂದ ಮಾಡಿಸಿ ನೋಡಬೇಕು.

ಎಲ್ಲ ಮಕ್ಕಳಿಗೂ ಒಂದೇ ಕ್ರಮ, ಲಿಖಿತ ಗುರಿಯಿಲ್ಲ, ಆರು ತಿಂಗಳ ಹಣ ಮುಂಗಡವಾಗಿ ಕಟ್ಟಬೇಕು, ಇಷ್ಟು ಸಿಟ್ಟಿಂಗಿಗೆ ಪೂರ್ತಿ ಗುಣ ಎಂಬ ಭರವಸೆ, ಮಗು ಬಿಕ್ಕಿ ಅಳುತ್ತಿದ್ದರೂ ಮುಂದುವರಿಸುವುದು, ಇವು ಕಂಡರೆ ಬೇರೆಡೆ ಹುಡುಕಿ. ಸ್ಟೆಮ್ ಸೆಲ್ ಇಂಜೆಕ್ಷನ್ನಿನಿಂದ ಆಟಿಸಂ ಹೋಗುತ್ತದೆ ಎಂದು ಜಮೀನು ಮಾರಿಸುವವರ ಮಾತಿಗೆ ಕಿವಿಗೊಡಬೇಡಿ, ಅದು ಆಟಿಸಂಗೆ ಅಂಗೀಕೃತ ಚಿಕಿತ್ಸೆಯಲ್ಲ. ಮಗುವನ್ನು ಒಳಗೆ ಕೂರಿಸಿ ಓಡಾಡಿಸುವ ಪ್ಲಾಸ್ಟಿಕ್ ವಾಕರಿನಿಂದಲೂ ನಡಿಗೆ ಬೇಗ ಬರುವುದಿಲ್ಲ. ಹಿಂದೆ ನಿಂತು ತಳ್ಳುವ ಮರದ ಮೂರು ಗಾಲಿಯ ಬಂಡಿಯ ಮಾತು ಬೇರೆ, ಅದೂ ವಾಲದಂಥದ್ದಾಗಿರಬೇಕು.

ಶಾಲೆ

ಜೂನ್ ಮೊದಲ ವಾರವೇ ತರಗತಿಯ ಶಿಕ್ಷಕರನ್ನು ಕಂಡು, ಥೆರಪಿಸ್ಟರಿಂದ ಅರ್ಧ ಪುಟದ ಕನ್ನಡದ ಚೀಟಿ ಬರೆಸಿಕೊಂಡು ಕೊಡಿ. ಕಾಲು ನೆಲಕ್ಕೆ ತಾಗುವಂತೆ ಪಾದದಡಿ ಒಂದು ಮಣೆ, ಮುಂದಿನ ಸಾಲಿನಲ್ಲಿ ಜಾಗ, ಬೋರ್ಡಿನಿಂದ ಇಳಿಸಿಕೊಳ್ಳುವುದು ಅರ್ಧಕ್ಕೆ ಸೀಮಿತ, ಗೊತ್ತಿರುವ ಉತ್ತರವನ್ನು ಬಾಯಲ್ಲಿ ಹೇಳಲು ಅವಕಾಶ. ಶಿಕ್ಷಕರಿಗೆ ಇಷ್ಟು ಸ್ಪಷ್ಟವಾಗಿ ಹೇಳಿದರೆ ಮಾಡುತ್ತಾರೆ. ‘ಸ್ವಲ್ಪ ನೋಡ್ಕೊಳ್ಳಿ ಸಾರ್’ ಎಂದರೆ ಏನು ನೋಡಿಕೊಳ್ಳಬೇಕೆಂದು ಅವರಿಗೂ ತಿಳಿಯುವುದಿಲ್ಲ. ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿ, ಶೌಚಾಲಯದ ಮೆಟ್ಟಿಲು ಇವನ್ನು ನೀವೇ ಒಮ್ಮೆ ನೋಡಿ ಬನ್ನಿ.

ಸರ್ಕಾರಿ ಶಾಲೆಯ ಮಕ್ಕಳಿಗೆ ಬ್ಲಾಕ್ ಮಟ್ಟದಲ್ಲಿ, ಅಂಗವೈಕಲ್ಯವಿರುವ ಮಕ್ಕಳ ಕಲಿಕೆಗೆ ನೆರವಾಗುವ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರ ವಿಚಾರ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಸಿಗುತ್ತದೆ. ಶಾಲೆಗೆ ಬರಲಾಗದಷ್ಟು ತೊಂದರೆ ಇರುವ ಮಗುವಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವೂ ಇದೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಬೇಕಾದರೆ ದಾಖಲೆ ಹಿಂದಿನ ವರ್ಷಗಳಿಂದಲೇ ಸಿದ್ಧವಿರಬೇಕು. ಮಾರ್ಚಿನಲ್ಲಿ ಓಡಾಡಿದರೆ ಆಗುವುದಿಲ್ಲ.

ಕಾಗದಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಲಾಗಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಕಲಿಕೆಯ ನಿರ್ದಿಷ್ಟ ತೊಂದರೆಗಳು ಅದರಲ್ಲಿ ಸೇರಿವೆ. ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ದೊರೆತ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಆನ್‌ಲೈನಿನಲ್ಲಿ ಅರ್ಜಿ ಹಾಕಿ ವೈದ್ಯಕೀಯ ತಪಾಸಣೆಗೆ ಹೋಗಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಈ ಅರ್ಜಿ ಮತ್ತು ಬಸ್ಸಿನ ರಿಯಾಯಿತಿ ಪಾಸಿನ ದಾರಿ ತೋರಿಸುವವರು ಅವರೇ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯವಿದ್ದರೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದ್ದು, ಥೆರಪಿಯ ಖರ್ಚಿಗೂ ಅದರೊಳಗೆ ಒಂದು ಮಿತಿಯವರೆಗೆ ಹಣ ಸಿಗುತ್ತದೆ. ಪ್ರತಿ ಸಿಟ್ಟಿಂಗಿನ ರಸೀದಿಯನ್ನು ಅಂದಂದೇ ಫೈಲಿಗೆ ಸೇರಿಸಿ. ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹೆಸರು ಅಂಟಿಬಿಡುತ್ತದೆ ಎಂದು ನಾವು ಎರಡು ವರ್ಷ ಹಿಂದೇಟು ಹಾಕಿದೆವು. ಓಣಿಯವರು ಹೆಸರಿಡಲು ಪ್ರಮಾಣಪತ್ರಕ್ಕೆ ಕಾಯುವುದಿಲ್ಲ, ನಷ್ಟವಾದದ್ದು ನಮಗೇ.

ಎಷ್ಟು ದಿನ, ಯಾವಾಗ ನಿಲ್ಲಿಸುವುದು

ಮೂರು ತಿಂಗಳಿಗೊಮ್ಮೆ ಮೊದಲ ದಿನದ ವಿಡಿಯೊವನ್ನೂ ಅಂದಿನ ವಿಡಿಯೊವನ್ನೂ ಥೆರಪಿಸ್ಟರ ಜೊತೆ ಕೂತು ನೋಡಿ. ಗುರಿ ಮುಟ್ಟಿದ್ದರೆ ಮುಂದಿನದನ್ನು ಬರೆಸಿಕೊಳ್ಳಿ, ಮುಟ್ಟದಿದ್ದರೆ ಗುರಿ ದೊಡ್ಡದಾಯಿತೇ, ಅಭ್ಯಾಸ ಕಡಿಮೆಯಾಯಿತೇ, ವಿಧಾನವೇ ಹೊಂದಲಿಲ್ಲವೇ ಎಂದು ಕೇಳಿ. ಎರಡು ಸುತ್ತು ಏನೂ ಬದಲಾಗದಿದ್ದರೆ ವೈದ್ಯರಿಗೆ ಮತ್ತೆ ತೋರಿಸಬೇಕು. ಸೆರೆಬ್ರಲ್ ಪಾಲ್ಸಿಯಂಥವು ಜೀವನವಿಡೀ ಇರುವಂಥವು, ಆದರೆ ಥೆರಪಿ ಜೀವನವಿಡೀ ವಾರವಾರ ನಡೆಯಬೇಕಿಲ್ಲ. ಕೆಲವು ತಿಂಗಳು ಬಿಗಿಯಾಗಿ ಮಾಡಿ, ಕೆಲವು ತಿಂಗಳು ಮನೆಯಲ್ಲೇ ಮುಂದುವರಿಸಿ, ಶಾಲೆ ಬದಲಾದಾಗ, ಎತ್ತರ ಸರ್ರನೆ ಬೆಳೆದಾಗ, ಹೊಸ ಕೆಲಸ ಎದುರಾದಾಗ ಮತ್ತೆ ಹೋಗುವುದು ಎಷ್ಟೋ ಕುಟುಂಬಗಳಿಗೆ ಹೊಂದುತ್ತದೆ.

ನಾವು ಈಗ ವರ್ಷಕ್ಕೆ ಎರಡು ಸಲ ಹೋಗುತ್ತೇವೆ. ಕಳೆದ ಸಲ ನೋಟುಬುಕ್ಕಿನಲ್ಲಿ ಬರೆಸಿಕೊಂಡು ಬಂದ ಗುರಿ ಸೈಕಲ್ಲಿನ ಬಲಗಡೆಯ ಬ್ರೇಕು. ಅದನ್ನು ಎಡಗಡೆಗೆ ಕಟ್ಟಿಸಬೇಕೋ, ಬಲಗೈಯಲ್ಲೇ ಹಿಡಿಯಲು ಕಲಿಸಬೇಕೋ ಎಂದು ಕೇಳಿದ್ದೆ. ಎರಡನ್ನೂ ಮಾಡಿ, ಬ್ರೇಕು ಮೊದಲು ಕಟ್ಟಿಸಿ ಎಂದರು.